ಟೈಲರ್ ಅಂಗಡಿಯ ಮೇಲಿನ ಟ್ಯಾಂಗೊ

ಮೊನ್ನೆ ಕಪಾಟು ಒರೆಸುವಾಗ ಕೇರಂ ಪೌಡರಿನ ಡಬ್ಬಿಯೊಂದು ಕೈಗೆ ಸಿಕ್ಕಿತು. ಖಾಲಿ ಎಂದುಕೊಂಡು ಅಲುಗಾಡಿಸಿದೆ. ಮುಚ್ಚಳದ ತೂತುಗಳಿಂದ ಒಂದಿಷ್ಟು ಬಿಳಿ ಹುಡಿ ಹಾರಿ ಮೂಗಿಗೆ ಹೋಗಿ ಸೀನು ಬಂತು. ನಮ್ಮ ಮನೆಯಲ್ಲಿ ಕೇರಂ ಬೋರ್ಡ್ ಇಲ್ಲ. ಆಡುವವರೂ ಇಲ್ಲ. ಇರುವವಳು ನಾನೊಬ್ಬಳೇ. ಒಬ್ಬಳೇ ಕೇರಂ ಆಡಬಾರದೆಂದೇನಿಲ್ಲ, ನಾಲ್ಕು ಕಡೆಗೂ ಎದ್ದೆದ್ದು ಹೋಗಿ ಕೂತರಾಯಿತು. ಆದರೆ ಐವತ್ತು ದಾಟಿದ ಮಂಡಿ ಅದಕ್ಕೆ ಒಪ್ಪುವುದಿಲ್ಲ. ಹಾಗಿದ್ದರೆ ಈ ಡಬ್ಬಿ ಯಾಕೆ ಎಂದು ಕೇಳುತ್ತೀರಿ. ಟ್ಯಾಂಗೊ ಆಡಲಿಕ್ಕೆ.

ನಗಬೇಡಿ. ಟ್ಯಾಂಗೊ ಎಂದರೆ ಅರ್ಜೆಂಟೀನಾದ ಕುಣಿತ. ಸಿನಿಮಾದವರು ಅದನ್ನು ಕೆಡಿಸಿಟ್ಟಿದ್ದಾರೆ. ಗಂಡಸಿನ ಹಲ್ಲಿನಲ್ಲಿ ಗುಲಾಬಿ, ಹೆಂಗಸಿನ ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ. ನಮ್ಮ ಊಟಿಯಲ್ಲಿ ಗುಲಾಬಿಗೇನೂ ಬರವಿಲ್ಲ. ಆದರೂ ನಮ್ಮಲ್ಲಿ ಯಾರೂ ಇದುವರೆಗೆ ಕಚ್ಚಿಲ್ಲ. ನಿಜವಾದ ಟ್ಯಾಂಗೊ ಬಹಳ ಸಾಧಾರಣವಾದದ್ದು. ಇಬ್ಬರು ಮೆಲ್ಲಗೆ ಅಪ್ಪಿಕೊಂಡು ಹಾಡಿನ ಜೊತೆ ನಡೆಯುತ್ತಾರೆ. ಅಷ್ಟೆ, ನಡೆಯುತ್ತಾರೆ. ಮೂರು ನಾಲ್ಕು ಹಾಡು ಮುಗಿದ ಮೇಲೆ ಬಿಡಿಸಿಕೊಂಡು, ನಕ್ಕು, ತಂತಮ್ಮ ಕುರ್ಚಿಗೆ ಹೋಗಿ ಕೂರುತ್ತಾರೆ. ಮುಂದಿನ ಹಾಡುಗಳಿಗೆ ಬೇರೆ ಜೋಡಿ. ಕಾಲು ಜಾರುತ್ತಾ ತಿರುಗಬೇಕಾದರೆ ನೆಲ ನುಣುಪಾಗಿರಬೇಕು. ಅದಕ್ಕೇ ಪೌಡರ್.

ಪೌಡರ್ ಉದುರಿಸುವುದರಲ್ಲಿ ನನಗೆ ಬಾಲ್ಯದಿಂದ ಅನುಭವವಿದೆ. ಚಾಮರಾಜನಗರದ ನಮ್ಮ ಮನೆಯಲ್ಲಿ ಬೇಸಗೆ ರಜೆಗೆ ಅಣ್ಣಂದಿರೆಲ್ಲ ಸೇರಿದರೆ ನಡುಮನೆಯಲ್ಲಿ ಕೇರಂ ಬೋರ್ಡ್ ಬೀಳುತ್ತಿತ್ತು. ನಾಲ್ಕು ಕಡೆಗೆ ನಾಲ್ಕು ಹುಡುಗರು. ನನ್ನ ಕೆಲಸ ಪೌಡರ್ ಹಾಕುವುದು, ಬೋರ್ಡಿನಿಂದ ಹಾರಿದ ಕಾಯಿಯನ್ನು ಮಂಚದ ಕೆಳಗಿನಿಂದ ಹೆಕ್ಕಿ ತರುವುದು, ಯಾರ ಪಾಯಿಂಟು ಎಷ್ಟು ಎಂದು ನೆನಪಿಟ್ಟುಕೊಳ್ಳುವುದು. ಸ್ಟ್ರೈಕರ್ ಮುಟ್ಟಿದರೆ ಕೈಗೊಂದು ಏಟು. "ನೀನು ಹಾಕಿದ್ರೆ ಪೌಡರ್ ಎಷ್ಟು ಸಮನಾಗಿ ಹರಡುತ್ತೆ ನೋಡು" ಎಂದು ದೊಡ್ಡಣ್ಣ ಹೊಗಳಿದರೆ ನಾನು ಉಬ್ಬಿಹೋಗುತ್ತಿದ್ದೆ. ಪಾಯಿಂಟು ಕೂಡಿ ಕೂಡಿಯೇ ಇರಬೇಕು, ಮುಂದೆ ಲೆಕ್ಕದ ಟೀಚರಾದೆ. ಊಟಿಯ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಬಂದು ಸೇರಿದಾಗ ನನ್ನ ಜಡೆ ಕಪ್ಪಗಿತ್ತು. ಈಗ ಜಡೆಯೂ ಇಲ್ಲ, ಕಪ್ಪೂ ಇಲ್ಲ.

ಊಟಿ ಎಂದರೆ ನಿಮಗೆ ಹನಿಮೂನು, ಬೋಟಿಂಗು. ಇಲ್ಲಿಯೇ ಇರುವವರಿಗೆ ಅದು ವರ್ಷವಿಡೀ ಕರಗದ ಕೊಬ್ಬರಿ ಎಣ್ಣೆ ಮತ್ತು ಬೂಷ್ಟು ಹಿಡಿದ ಚಪ್ಪಲಿ. ಹನಿಮೂನಿನ ಊರಿನಲ್ಲಿ ಒಂಟಿಯಾಗಿ ಇರುವುದೆಂದರೆ ಸಕ್ಕರೆ ಕಾಯಿಲೆಯವಳು ಮಿಠಾಯಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹಾಗೆ. ಭಾನುವಾರ ಕೆರೆಯ ಕಡೆ ಕಾಲಾಡಿಸಲು ಹೋದರೆ ಸಾಕು, "ಮೇಡಂ, ಒಂದು ಫೋಟೋ ತೆಗೀತೀರಾ" ಎಂದು ಹೊಸ ಜೋಡಿಗಳು ಫೋನು ಕೊಡುತ್ತವೆ. ನಾನು ತೆಗೆದುಕೊಡುತ್ತೇನೆ. ಚೆನ್ನಾಗಿಯೇ ತೆಗೆಯುತ್ತೇನೆ. ಇನ್ನೂ ಸ್ವಲ್ಪ ಹತ್ತಿರ ನಿಂತ್ಕೊಳ್ಳಿ, ಎಂದು ಹೇಳುವುದೂ ಉಂಟು. ಎಲ್ಲೆಲ್ಲಿಯೋ ಎಷ್ಟೋ ಮನೆಗಳ ಗೋಡೆಯ ಮೇಲೆ ನಾನು ತೆಗೆದ ಫೋಟೋಗಳಿರಬೇಕು.

ಮದುವೆ ಯಾಕಾಗಲಿಲ್ಲ ಎಂಬ ಕಥೆಯಲ್ಲಿ ಸ್ವಾರಸ್ಯವೇನೂ ಇಲ್ಲ. ಬಂದರು, ಉಪ್ಪಿಟ್ಟು ತಿಂದರು, ಹೋದರು. ಆಮೇಲೆ ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಕೆಲವರು ತಿಳಿಸಿದರು, ಅದು ಇನ್ನೂ ಕಷ್ಟ. ಬೀದಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮಮ್ಮ ಮಾರನೆಯ ದಿನ ಬಾವಿಕಟ್ಟೆಗೆ ಹೋಗುವುದಕ್ಕೇ ನಾಚುತ್ತಿದ್ದಳು. ಈಗ ಅದೆಲ್ಲ ಹಳೆಯ ಮಾತು. ಒಂಟಿಯಾಗಿರುವುದು ನನಗೆ ಅಭ್ಯಾಸವಾಗಿದೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದೆ. ಅಭ್ಯಾಸವಾಗದೆ ಉಳಿದದ್ದು ಒಂದೇ. ವಾರಗಟ್ಟಲೆ ನನ್ನನ್ನು ಯಾರೂ ಮುಟ್ಟುತ್ತಿರಲಿಲ್ಲ.

ಇದನ್ನು ಬರೆಯಲು ಮುಜುಗರವಾಗುತ್ತದೆ, ಆದರೂ ಬರೆದುಬಿಡುತ್ತೇನೆ. ಬಸ್ಸಿನ ಕಂಡಕ್ಟರ್ ಚಿಲ್ಲರೆ ಕೊಡುವಾಗ ಬೆರಳು ತಗುಲಿದರೆ ಅದು ಗೊತ್ತಾಗುತ್ತಿತ್ತು. ಬಳೆ ಅಂಗಡಿಯವಳು ಕೈ ಹಿಂಡಿ ಬಳೆ ತೊಡಿಸುವಾಗ ಬೇಕೆಂದೇ ಚಿಕ್ಕ ಅಳತೆ ಕೇಳಿದ್ದೇನೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಸೆಲ್ವಿ ನನ್ನ ಹಳೆಯ ವಿದ್ಯಾರ್ಥಿನಿ. ಅವಳ ಹತ್ತಿರ ಬಿಪಿ ನೋಡಿಸಲು ಆಗಾಗ ಹೋಗುತ್ತಿದ್ದೆ. ತೋಳಿಗೆ ಪಟ್ಟಿ ಸುತ್ತಿ, ನಾಡಿ ಹಿಡಿದು, "ಬಿಪಿ ಸರಿಯಾಗೇ ಇದೆ ಟೀಚರ್. ಹೋದ ವಾರವೂ ಸರಿಯಾಗೇ ಇತ್ತು. ಮತ್ತೆ ಯಾಕೆ ಬಂದ್ರಿ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ತಲೆ ಸುತ್ತಿದ ಹಾಗಾಯಿತು ಎಂದು ಸುಳ್ಳು ಹೇಳಿದೆ. ಅವಳು ಸಕ್ಕರೆ ನೀರು ಕೊಟ್ಟಳು.

ಹೀಗಿರುವಾಗ ಪೇಪರ್ ತಿದ್ದುವ ಕೆಲಸಕ್ಕೆಂದು ಒಂದು ಬೇಸಗೆ ಬೆಂಗಳೂರಿನಲ್ಲಿ ಉಳಿಯಬೇಕಾಯಿತು. ಸಂಜೆ ಹೊತ್ತು ಹೋಗುತ್ತಿರಲಿಲ್ಲ. ಉಳಿದುಕೊಂಡಿದ್ದ ಬೀದಿಯಲ್ಲಿ ಒಂದು ಮಹಡಿಯ ಮೇಲಿಂದ ಹಾರ್ಮೋನಿಯಂ ಅಳುವ ಹಾಗೆ ಸಂಗೀತ ಕೇಳಿಸುತ್ತಿತ್ತು. ಯಾವುದೋ ಭಜನೆಯಿರಬೇಕೆಂದು ಮೆಟ್ಟಿಲು ಹತ್ತಿದೆ. ಅದು ಟ್ಯಾಂಗೊ ಕ್ಲಾಸು. ಹಿಂದಿರುಗಬೇಕು ಎನ್ನುವಷ್ಟರಲ್ಲಿ, ಅಲ್ಲಿದ್ದ ವಯಸ್ಸಾದವರೊಬ್ಬರು ದೂರದ ಕುರ್ಚಿಯಿಂದ ನನ್ನನ್ನೇ ನೋಡಿ, ಸ್ವಲ್ಪ ತಲೆ ಬಾಗಿಸಿದರು. ಏನೆಂದು ತಿಳಿಯದೆ ನಾನೂ ಬಾಗಿಸಿದೆ. ಅವರು ಎದ್ದು ಬಂದು ಕೈ ಚಾಚಿ ನನ್ನನ್ನು ಬಳಸಿ ನಿಂತರು. ಓಡಿಹೋಗಬೇಕಿತ್ತು. ಓಡಲಿಲ್ಲ. ಆ ಬೇಸಗೆಯಲ್ಲಿ ನಾನು ತಿದ್ದಿದ ಪೇಪರುಗಳಲ್ಲಿ ಹುಡುಗರಿಗೆ ಅಂಕ ಸ್ವಲ್ಪ ಧಾರಾಳವಾಗಿಯೇ ಬಿದ್ದಿರಬೇಕು.

ಅಲ್ಲಿ ನನಗೆ ತುಂಬ ಹಿಡಿಸಿದ್ದು ಆ ಕಣ್ಣಿನ ಕರೆ. ಟ್ಯಾಂಗೊದಲ್ಲಿ ಎದುರಿಗೆ ಹೋಗಿ ಬರುತ್ತೀಯಾ ಎಂದು ಕೇಳುವಂತಿಲ್ಲ. ಮೊದಲೇ ಕೈ ಚಾಚುವಂತೆಯೂ ಇಲ್ಲ. ದೂರದಿಂದ ನೋಡಬೇಕು. ಅವರೂ ನೋಡಿ ತಲೆ ಬಾಗಿಸಿದರೆ ಒಪ್ಪಿದ ಹಾಗೆ, ಆಮೇಲೆ ಹೋಗಿ ಕರೆತರಬಹುದು. ಇಷ್ಟವಿಲ್ಲದವರು ಬೇರೆ ಕಡೆ ನೋಡುತ್ತಾರೆ. ಕೇಳಿದ್ದೂ ಬೇಡವೆಂದದ್ದೂ ಮೂರನೆಯವರಿಗೆ ಗೊತ್ತಾಗುವುದಿಲ್ಲ. ಉಪ್ಪಿಟ್ಟು ಮಾಡುವ ಕೆಲಸವಿಲ್ಲ, ಬಾವಿಕಟ್ಟೆಯ ಭಯವಿಲ್ಲ. ಇಂಥ ಮರ್ಯಾದಸ್ಥ ಏರ್ಪಾಟು ನಮ್ಮ ಚಾಮರಾಜನಗರದಲ್ಲಿ ಇದ್ದಿದ್ದರೆ ನಮ್ಮಮ್ಮ ಇನ್ನೂ ಹತ್ತು ವರ್ಷ ಹೆಚ್ಚಿಗೆ ಬದುಕಿರುತ್ತಿದ್ದಳು ಎಂದು ನನಗೆ ಅನ್ನಿಸಿತು.

ಊಟಿಗೆ ಹಿಂದಿರುಗಿದ ಮೇಲೆ ಮೊದಲಿನ ಹಾಗೆ ಇರಲಾಗಲಿಲ್ಲ. ಇಲ್ಲಿ ಟ್ಯಾಂಗೊ ಇಲ್ಲದಿದ್ದರೆ ನಾನೇ ಶುರು ಮಾಡುತ್ತೇನೆ ಎಂದು ಹೊರಟೆ. ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಬಷೀರ್ ಭಾಯ್ ಎಂಬುವರ ಟೈಲರ್ ಅಂಗಡಿಯಿದೆ. ಅರ್ಧ ಊಟಿಯ ಮಕ್ಕಳ ಬ್ಲೇಜರ್ ಹೊಲಿಯುವವರು ಅವರೇ. ಅಂಗಡಿಯ ಮೇಲೆ ಹಲಗೆ ನೆಲದ ಹಳೆಯ ಹಾಲ್ ಖಾಲಿ ಬಿದ್ದಿತ್ತು. ಶನಿವಾರ ಮಧ್ಯಾಹ್ನಕ್ಕೆ ಅದನ್ನು ಕೇಳಿ ಪಡೆದೆ. ಸಂಜೆ ಮಾಡುವಂತಿಲ್ಲ, ಗೂಡಲೂರು, ಕುಂದಾ ಕಡೆಯ ಬಸ್ಸುಗಳು ತಪ್ಪುತ್ತವೆ, ಚಳಿ ಇಳಿಯುತ್ತದೆ. "ಟ್ಯಾಂಗೊ ಕಲಿಯಿರಿ, ಜೋಡಿ ಬೇಕಾಗಿಲ್ಲ, ವಯಸ್ಸು ಕೇಳುವುದಿಲ್ಲ, ಶುಂಠಿ ಚಹಾ ಉಂಟು" ಎಂದು ತಮಿಳಿನಲ್ಲಿ ಬರೆಸಿ ಬೇಕರಿಯಲ್ಲಿ ಅಂಟಿಸಿದೆ.

ಮೊದಲ ಕೆಲವು ಶನಿವಾರ ಯಾರೂ ಬರಲಿಲ್ಲ. ಪೌಡರ್ ಉದುರಿಸಿ, ಕುರ್ಚಿಗಳನ್ನು ಸುತ್ತ ಜೋಡಿಸಿ, ಫ್ಲಾಸ್ಕಿನಲ್ಲಿ ಚಹಾ ತುಂಬಿ, ಹಾಡು ಹಾಕಿ ಕೂರುತ್ತಿದ್ದೆ. ಬಂದವರು ಬಷೀರ್ ಭಾಯ್ ಒಬ್ಬರೇ. ಅವರ ಭುಜದ ಮೇಲೆಲ್ಲ ಬಿಳಿ ಹುಡಿ.

"ಟೀಚರಮ್ಮಾ, ಹಾಡು ಎಷ್ಟಾದ್ರೂ ಹಾಕಿ. ಪೌಡರ್ ವೇಂಡಾಂ. ಹಲಗೆ ಸಂದಿಯಿಂದ ನೇರ ನನ್ನ ಕಪ್ಪು ಬಟ್ಟೆ ಮೇಲೇ ಬೀಳ್ತಾ ಇದೆ."

ಕೊನೆಗೆ ಅವರು ಶನಿವಾರ ಮಧ್ಯಾಹ್ನ ಬಿಳಿ ಅಂಗಿಗಳನ್ನಷ್ಟೇ ಹೊಲಿಯುವುದೆಂದೂ ನಾನು ಪೌಡರ್ ಅರ್ಧಕ್ಕೆ ಇಳಿಸುವುದೆಂದೂ ರಾಜಿಯಾಯಿತು.

ಆಮೇಲೆ ಸೆಲ್ವಿ ಬಂದಳು. ಕುಣಿಯುವ ಆಸೆಯಿಂದಲ್ಲ, ಟೀಚರ್ ಕರೆದರಲ್ಲ ಎಂಬ ದಾಕ್ಷಿಣ್ಯದಿಂದ. ಬಂದವಳಿಗೆ ಹಿಡಿಸಿಬಿಟ್ಟಿತು, ಆಸ್ಪತ್ರೆಯಿಂದ ಇನ್ನಿಬ್ಬರು ನರ್ಸುಗಳನ್ನು ಕರೆತಂದಳು. ಗೂಡಲೂರಿನಲ್ಲಿ ಸ್ಟೇಷನರಿ ಅಂಗಡಿ ಇಟ್ಟಿರುವ ಮಲಯಾಳಿ ಜೋಯಿ ಚೇಟ್ಟನ್ ಸಾಮಾನು ಕೊಳ್ಳಲು ಊಟಿಗೆ ಬಂದವರು ಬೇಕರಿಯಲ್ಲಿ ವರ್ಕಿ ಬಿಸ್ಕತ್ತು ಕಟ್ಟಿಸಿಕೊಳ್ಳುತ್ತಾ ಚೀಟಿ ಓದಿದರಂತೆ. ಗಲ್ಫಿನಲ್ಲಿದ್ದಾಗ ಒಮ್ಮೆ ಟ್ಯಾಂಗೊ ನೋಡಿದ್ದರಂತೆ. ಇತ್ತಲಾರು ಹಳ್ಳಿಯಲ್ಲಿ ಟೀ, ತರಕಾರಿ ಬೆಳೆಯುವ ಭೋಜಣ್ಣ ಮಾರ್ಕೆಟ್ಟಿಗೆ ಕ್ಯಾರೆಟ್ ಇಳಿಸಿ, ಮಗಳ ಬ್ಲೇಜರ್ ತೆಗೆದುಕೊಂಡು ಹೋಗಲು ಕೆಳಗೆ ಬಂದವರು. ಮೇಲೆ ಇಷ್ಟು ಕಾಲುಗಳು ಉಜ್ಜಾಡುವುದು ಯಾಕೆಂದು ನೋಡಲು ಹತ್ತಿ ಬಂದರು. ಮಣ್ಣಿನ ಬೂಟು ಬಾಗಿಲಲ್ಲಿ ಬಿಚ್ಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ ನಿಂತರು. ಉಣ್ಣೆಯ ಕಾಲುಚೀಲ ನಮ್ಮ ಹಲಗೆಯ ಮೇಲೆ ಎಷ್ಟು ಚೆನ್ನಾಗಿ ಜಾರುತ್ತದೆಂದು ಅವತ್ತು ತಿಳಿಯಿತು. ಆಮೇಲೆ ಎಲ್ಲರೂ ಅದನ್ನೇ ಹಾಕಿಕೊಂಡು ಬರತೊಡಗಿದರು. ಮಫ್ಲರ್, ಮಂಕಿ ಟೋಪಿ, ಸ್ವೆಟರು, ಕಾಲುಚೀಲ. ಅರ್ಜೆಂಟೀನಾದವರು ನೋಡಿದ್ದರೆ ಆಸ್ಪತ್ರೆಗೆ ಹೊರಟ ಗುಂಪು ಎಂದುಕೊಳ್ಳುತ್ತಿದ್ದರು.

ಭೋಜಣ್ಣ ಈ ನೀಲಗಿರಿಯವರೇ ಆದ ಬಡಗರು. ಅವರ ಊರಲ್ಲಿ ಹಬ್ಬಕ್ಕೂ ಮದುವೆಗೂ ಎಲ್ಲರೂ ಸುತ್ತು ನಿಂತು ಕುಣಿಯುತ್ತಾರೆ. ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಅದಕ್ಕೆ ಅವರ ಮಾತಿನಲ್ಲಿ ಆಟ ಎನ್ನುವುದು. ಬಡಗ ಮಾತು ನನ್ನ ಕಿವಿಗೆ ನಮ್ಮಜ್ಜಿಯ ಕನ್ನಡ ಮಂಜಿನೊಳಗಿಂದ ಬಂದ ಹಾಗೆ ಕೇಳುತ್ತದೆ, ಅರ್ಧ ತಿಳಿಯುತ್ತದೆ, ಉಳಿದರ್ಧ ಊಹೆ. ಕಣ್ಣಿನ ಕರೆಯ ನಿಯಮವನ್ನು ನಾನು ವಿವರಿಸಿದಾಗ ಅವರು ತಮ್ಮ ಹಟ್ಟಿಯಲ್ಲಿ, ಎಂದರೆ ಊರಿನಲ್ಲಿ, ಹೀಗಿಲ್ಲ ಎಂದರು.

"ಟೀಚರ್, ನಂಗ ಹಟ್ಟಿಯೊಗ ಇತ್ತೆ ಇಲ್ಲೆ. ಆಟಕ್ಕೆ ಯಾರೂ ಕರೆಯ ಬೇಡ. ಹೋಗಿ ಸುತ್ತಿಗೆ ಸೇರಿದರೆ ಮುಗಿದುದು."

"ಇಲ್ಲಿ ಹಾಗಲ್ಲ ಭೋಜಣ್ಣ. ಇಲ್ಲಿ ಕರೀಬೇಕು, ಒಪ್ಪಬೇಕು."

"ಆಗಲಿ" ಎಂದರು, ಮನಸ್ಸಿಲ್ಲದೆ.

ಇನ್ನೊಂದು ನಿಯಮದಲ್ಲಿ ಮಾತ್ರ ನಾನೇ ಸೋತೆ. ಟ್ಯಾಂಗೊದ ಜೋಡಿಗಳೆಲ್ಲ ಹಾಲಿನಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತಬೇಕು. ಪ್ರಪಂಚದಲ್ಲೆಲ್ಲ ಹಾಗೆಯೇ. ನಮ್ಮವರು ನಾಲ್ಕು ಹೆಜ್ಜೆ ಹಾಗೆ ಹೋಗಿ, ತಮಗೆ ತಿಳಿಯದೆಯೇ ತಿರುಗಿ, ದೇವಸ್ಥಾನದಲ್ಲಿ ಸುತ್ತುವ ಹಾಗೆ ಬಲಕ್ಕೆ ಹೊರಟುಬಿಡುತ್ತಿದ್ದರು. ಜೋಯಿ ಚೇಟ್ಟನ್ ಒಬ್ಬರೇ ಸರಿಯಾದ ದಿಕ್ಕಿನಲ್ಲಿ ಬಂದು ಎಲ್ಲರಿಗೂ ಡಿಕ್ಕಿ. ಕಾಲಿಗೆ ಕಾಲು, ಮಂಕಿ ಟೋಪಿಗೆ ಮಂಕಿ ಟೋಪಿ. "ಅದು ಅಪ್ರದಕ್ಷಿಣೆ ಅಲ್ವಾ ಟೀಚರ್? ಕಾಲೇ ಬರಲ್ಲ" ಎಂದು ಸೆಲ್ವಿ ಅಳುಮುಖ ಮಾಡಿದಳು. ತಿದ್ದಿ ತಿದ್ದಿ ಸುಸ್ತಾಗಿ ಬಿಟ್ಟುಬಿಟ್ಟೆ. ಈಗ ಜೋಯಿ ಚೇಟ್ಟನ್ ಕೂಡ ನಮ್ಮ ದಿಕ್ಕಿಗೇ ತಿರುಗಿದ್ದಾರೆ. "ಸಾರಮಿಲ್ಲ ಟೀಚರ್, ಪರವಾಗಿಲ್ಲ" ಎಂದರು. ಭೂಮಿಯ ಮೇಲೆ ಪ್ರದಕ್ಷಿಣೆಯ ಟ್ಯಾಂಗೊ ಇರುವುದು ನಮ್ಮ ಊಟಿಯಲ್ಲಿ ಮಾತ್ರ ಇರಬೇಕು.

ಹೊಸಬರು ಬಂದರೆ ಏನು ಮಾಡಬೇಕೆಂಬುದನ್ನು ನಾನು ಬಹಳ ಯೋಚಿಸಿ ರೂಢಿ ಮಾಡಿದ್ದೆ. ಬಾಗಿಲ ಹತ್ತಿರ ಸದಾ ಒಂದು ಕುರ್ಚಿ ಖಾಲಿ. ಬಂದವರ ಕೈಗೆ ಮೊದಲು ಚಹಾ, ಆಮೇಲೆ ಮಾತು. ಮೊದಲ ದಿನ ಅವರ ತಪ್ಪು ತಿದ್ದಬಾರದು. ಹಳಬರಲ್ಲಿ ಯಾರಾದರೊಬ್ಬರು ಅವರನ್ನು ನೋಡಿ ಕರೆಯಲೇಬೇಕು, ಯಾರೂ ಗೋಡೆಗೆ ಒರಗಿ ಉಳಿಯಬಾರದು. ಗೋಡೆಗೆ ಒರಗಿ ಉಳಿಯುವುದು ಏನೆಂದು ನನಗೆ ಗೊತ್ತು. ಕೂನೂರಿನ ಟೀ ಫ್ಯಾಕ್ಟರಿಯ ಗುಮಾಸ್ತರು, ಮಸಿನಗುಡಿಯಲ್ಲಿ ಜೀಪು ಓಡಿಸುವವರು, ಗಂಡನ ಜೊತೆ ಮಾತು ಬಿಟ್ಟ ಒಬ್ಬ ಹೆಂಗಸು, ಹೀಗೆ ಒಬ್ಬೊಬ್ಬರೇ ಸೇರಿದರು. ಹಾಲ್ ತುಂಬಿತು. ಮೇಲೆ ಸದ್ದಿಲ್ಲದ ಶನಿವಾರ ಬಂದರೆ ಬಷೀರ್ ಭಾಯ್ ತಾವೇ ಹತ್ತಿ ಬಂದು, "ಇವತ್ತು ಇಲ್ವಾ?" ಎಂದು ಕೇಳುವ ಮಟ್ಟಕ್ಕೆ ಬಂತು.

ಎಲ್ಲ ಸರಿಯಾಗಿತ್ತು. ನನ್ನ ಜೊತೆ ಮಾತ್ರ ಯಾರೂ ಆಡುತ್ತಿರಲಿಲ್ಲ.

ಮೊದಮೊದಲು ಹೆಜ್ಜೆ ಹೇಳಿಕೊಡಲು ಎಲ್ಲರನ್ನೂ ಹಿಡಿದು ನಡೆಸುತ್ತಿದ್ದೆ. ಅದು ಪಾಠ. ಬೆನ್ನು ನೆಟ್ಟಗೆ, ಭುಜ ಕೆಳಗೆ, ಉಸಿರು ಬಿಡಿ ಎಂದು ಹೇಳುತ್ತಾ ನಡೆಯುವುದು ಬೇರೆ, ಒಬ್ಬರು ನನ್ನನ್ನೇ ಬಯಸಿ ಕರೆದು ಕರೆದೊಯ್ಯುವುದು ಬೇರೆ. ಅವರು ಕಲಿತ ಮೇಲೆ ಪಾಠವೂ ನಿಂತಿತು. ಹಾಡು ಶುರುವಾಗುವಾಗ ನಾನು ಆಸೆಯಿಂದ ಸುತ್ತ ನೋಡುತ್ತಿದ್ದೆ. ಯಾರ ಕಣ್ಣೂ ಸಿಗುತ್ತಿರಲಿಲ್ಲ. ಇಲ್ಲಿಯವರಿಗೆ ಟೀಚರ್ ಎಂದರೆ ನೆಟ್ಟಗೆ ನೋಡುವ ವಸ್ತುವಲ್ಲ. ಕೂದಲು ನೆರೆತ ಗಂಡಸರು ಕೂಡ ನನ್ನೊಡನೆ ಮಾತಾಡುವಾಗ ನನ್ನ ಚಪ್ಪಲಿಯನ್ನೇ ನೋಡುತ್ತಾರೆ. ನಾನು ನೋಡಿದರೆ ಅವರು ಥಟ್ಟನೆ ತಲೆ ತಗ್ಗಿಸುತ್ತಾರೆ, ಇನ್ನೇನು ತಪ್ಪು ಮಾಡಿದೆವೋ ಎಂಬಂತೆ. ಕಣ್ಣಲ್ಲೇ ಕರೆಯಬೇಕೆಂಬ ನಿಯಮ ಮಾಡಿದವಳು ನಾನೇ, ಆ ನಿಯಮದ ಪ್ರಕಾರ ಕರೆಯಲಾಗದವಳೂ ನಾನೊಬ್ಬಳೇ.

ಬರಿಯ ಗೌರವವೇ, ಅಥವಾ ಬೇಡವೇ? ಅದೂ ತಿಳಿಯುವಂತಿರಲಿಲ್ಲ. ಬೇಡವೆಂದದ್ದು ಯಾರಿಗೂ ಗೊತ್ತಾಗದಿರಲಿ ಎಂದಲ್ಲವೇ ಆ ನಿಯಮವನ್ನು ನಾನು ಅಷ್ಟು ಮೆಚ್ಚಿದ್ದು. ನಮ್ಮಮ್ಮನ ಕಾಲದಲ್ಲಿ ಕಡೇಪಕ್ಷ ಯಾರಾದರೂ ಬಂದು ಹೇಳುತ್ತಿದ್ದರು. ಮುಜುಗರ ಮುಚ್ಚಿಕೊಳ್ಳಲು ನಾನು ಕೆಲಸ ಹುಡುಕಿಕೊಂಡೆ. ಹಾಡು ಬದಲಿಸಿದೆ, ಲೋಟ ತೊಳೆದೆ, ಬೇಡದಿದ್ದರೂ ಪೌಡರ್ ಉದುರಿಸಿದೆ. ಹಾಲಿನ ತುಂಬ ಜನ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಣ್ಣು ಮುಚ್ಚಿ ಸುತ್ತುತ್ತಿದ್ದಾರೆ, ನಡುವೆ ನಾನು ಡಬ್ಬಿ ಹಿಡಿದು ನಿಂತಿದ್ದೇನೆ. ಖಾಲಿ ಮನೆಯಲ್ಲಿ ಕೂತಾಗ ಇಷ್ಟು ಒಂಟಿ ಅನ್ನಿಸಿದ್ದಿಲ್ಲ. ಬಿಪಿ ನೋಡಿಸಿಕೊಳ್ಳಲು ಮತ್ತೆ ಹೋಗತೊಡಗಿದೆ.

ಹೀಗೆ ಬಹಳ ದಿನ ನಡೆಯಿತು. ಈಚೆಗೆ ಒಂದು ಶನಿವಾರ ಏನಾದರಾಗಲಿ ಎಂದು ತೀರ್ಮಾನ ಮಾಡಿದೆ. ಒಳ್ಳೆಯ ಸೀರೆ ಉಟ್ಟೆ. ಹಾಡಿನ ಫೋನನ್ನು ಸೆಲ್ವಿಯ ಕೈಗೆ ಕೊಟ್ಟು, "ಇವತ್ತು ನೀನು ನೋಡ್ಕೋ, ನಾನು ಸುಮ್ನೆ ಕೂತ್ಕೋತೀನಿ" ಎಂದೆ. ಗೋಡೆಯ ಪಕ್ಕದ ಕುರ್ಚಿಯಲ್ಲಿ, ಎಲ್ಲರಿಗೂ ಕಾಣುವ ಕಡೆ, ಕೈ ಕಟ್ಟಿಕೊಳ್ಳದೆ ಕೂತೆ. ಹೊರಗೆ ಮಂಜು ಕಿಟಕಿಗೆ ಅಂಟಿತ್ತು.

ಅವತ್ತು ಭೋಜಣ್ಣ ತಮ್ಮ ತಾಯಿಯನ್ನೂ ಕರೆತಂದಿದ್ದರು. ಮಾದಮ್ಮನವರು ಕಣ್ಣಿನ ಪೊರೆ ತೆಗೆಸಿಕೊಂಡು ಆಸ್ಪತ್ರೆಗೆ ತೋರಿಸಲು ಬಂದಿದ್ದರು, ಊರಿಗೆ ಹೋಗುವ ತನಕ ಕೂರಲು ಜಾಗ ಬೇಕಿತ್ತು. ತಲೆಗೆ ಬಿಳಿ ವಸ್ತ್ರ, ಮೈಮೇಲೆ ಬಿಳಿ ಹೊದಿಕೆ, ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ದೊಡ್ಡ ಕಪ್ಪು ಕನ್ನಡಕ. ಕಣ್ಣಲ್ಲೇ ಎಲ್ಲ ವ್ಯವಹಾರ ನಡೆಯುವ ಹಾಲಿನಲ್ಲಿ ಅವರೊಬ್ಬರು ಯಾರನ್ನು ನೋಡುತ್ತಿದ್ದಾರೆಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ಕಿವಿ ಸ್ವಲ್ಪ ಮಂದ, ಆದ್ದರಿಂದ ದನಿ ದೊಡ್ಡದು.

ಮೊದಲ ಹಾಡುಗಳು ಮುಗಿದವು. ಎರಡನೆಯ ಸುತ್ತಿನ ಹಾಡುಗಳೂ ಮುಗಿದವು. ನಾನು ಸೆರಗು ಸರಿಮಾಡಿಕೊಂಡೆ, ಕಿಟಕಿ ನೋಡಿದೆ, ಎಲ್ಲರ ಕಡೆ ನೋಡಿದೆ. ನಗುಮುಖ ಇಟ್ಟುಕೊಂಡು ಬಹಳ ಹೊತ್ತು ಕೂತರೆ ಕೆನ್ನೆ ನೋಯುತ್ತದೆ, ನಿಮಗೂ ಗೊತ್ತಿರಬಹುದು. ಇನ್ನು ಎದ್ದು ಚಹಾ ಬಗ್ಗಿಸೋಣ ಎಂದುಕೊಳ್ಳುವಷ್ಟರಲ್ಲಿ ನನ್ನ ಕಡೆ ಬೆರಳು ತೋರಿಸಿದ ಮಾದಮ್ಮನವರ ದನಿ ಹಾಲಿಗೆಲ್ಲ ಕೇಳಿಸಿತು.

"ಆ ಹೆಮ್ಮಾತಿಗ ಏನ? ಏಕ ಆಡದೆ ಕುಳಿತಿದ್ದಾ?"

"ಅವ್ವೆ, ಮೆಲ್ಲಗೆ. ಅವರು ಟೀಚರ್" ಎಂದರು ಭೋಜಣ್ಣ.

"ಟೀಚರಿಗ ಕಾಲು ಇಲ್ಲೆಯಾ?"

ಭೋಜಣ್ಣನ ಮುಖ ಕೆಂಪಾಯಿತು. ತಾಯಿಯ ಬಾಯಿ ಮುಚ್ಚಿಸಲು ಬೇರೆ ದಾರಿ ಕಾಣದೆ ಎದ್ದು ನೇರ ನನ್ನ ಹತ್ತಿರ ಬಂದರು. ನೆಲ ನೋಡುತ್ತಾ, ಮಣ್ಣು ಕೂತ ಉಗುರಿನ ದೊಡ್ಡ ಕೈಯನ್ನು ನನ್ನ ಮುಂದೆ ಚಾಚಿದರು.

"ಟೀಚರ್. ಬನ್ನಿ."

ಎಷ್ಟು ಶನಿವಾರಗಳಿಂದ ಕಾದಿದ್ದೆ. ಬಾಯಿ ತೆರೆದೆ. ಬಾಯಿಂದ ಏನು ಬಂತು ಗೊತ್ತೇ?

"ಭೋಜಣ್ಣ, ಕೈ ಚಾಚಬಾರದು ಅಂತ ಹೇಳಿಲ್ವಾ? ಕಣ್ಣಲ್ಲಿ ಕರೀಬೇಕು."

"ಸಾರಿ ಟೀಚರ್" ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡು ತಮ್ಮ ಕುರ್ಚಿಗೆ ಹೋಗಿ ಕೂತರು. ಪಾಪ, ಅಲ್ಲಿಂದ ನಿಯಮದ ಪ್ರಕಾರ ನೋಡಲು ಪ್ರಯತ್ನ ಪಟ್ಟರು. ಅವರ ದೃಷ್ಟಿ ನನ್ನ ಮೊಣಕಾಲಿನವರೆಗೆ ಏರಿತು, ಅಲ್ಲಿಂದ ಮೇಲೆ ಬರಲಿಲ್ಲ. ಇನ್ನೊಮ್ಮೆ ಏರಿತು, ಮತ್ತೆ ಇಳಿಯಿತು. ನನಗೆ ನನ್ನ ನಾಲಗೆಯನ್ನು ಕತ್ತರಿಸಿ ಎಸೆಯಬೇಕೆನ್ನಿಸಿತು. ಇಷ್ಟು ವರ್ಷ ತಿದ್ದಿ ತಿದ್ದಿ, ಕೇಳಿದ್ದು ಕೈಗೆ ಬಂದರೂ ಮೊದಲು ಕೆಂಪು ಗೆರೆ ಎಳೆಯುವ ಹೆಂಗಸಾಗಿಬಿಟ್ಟಿದ್ದೆ.

"ಏನಂತೆ?" ಮಾದಮ್ಮ ಮಗನನ್ನು ಕೇಳಿದರು.

"ಇತ್ತೆ ಕರೆಯ ಬಾರದಂತೆ, ಅವ್ವೆ."

ಮಾದಮ್ಮ ಕಪ್ಪು ಕನ್ನಡಕವನ್ನು ನನ್ನ ಕಡೆ ತಿರುಗಿಸಿದರು. "ಏ ಅಮ್ಮ, ನಿನಗ ಆಡುವಕ್ಕೆ ಆಸೆ ಇದ್ದಾ ಇಲ್ಲೆಯಾ? ಬಾಯಿ ಬುಟ್ಟು ಹೇಳು."

ಹಾಡು ಇನ್ನೂ ನಡೆಯುತ್ತಿತ್ತು, ಆದರೆ ಎಲ್ಲರೂ ನಿಂತಿದ್ದರು. ಕೊನೆಯ ಬೆಂಚಿಗೂ ಕೇಳುವ ಹಾಗೆ ಮಾತಾಡಿ ಅಭ್ಯಾಸವಾದ ನನ್ನ ಗಂಟಲು ಎಲ್ಲಿ ಹೋಯಿತೋ. "ಇದೆ" ಎಂದೆ, ನನಗೇ ಕೇಳಿ ಕೇಳದ ಹಾಗೆ. "ಆಸೆ ಇದೆ. ನನ್ನನ್ನ ಯಾರೂ ಕರೆಯಲ್ಲ."

ಚಿಕ್ಕ ಮಕ್ಕಳು ಚಾಡಿ ಹೇಳುವ ಹಾಗೆ ಬಂತು ಆ ಮಾತು. ಸೆಲ್ವಿ ಹಾಡು ನಿಲ್ಲಿಸಿದಳು. ಕೆಳಗೆ ಬಷೀರ್ ಭಾಯ್ ಅವರ ಹೊಲಿಗೆ ಮಿಷನ್ನಿನ ಸದ್ದು ಕೇಳತೊಡಗಿತು.

ಮೊದಲು ಮಾತಾಡಿದವರು ಜೋಯಿ ಚೇಟ್ಟನ್. "ಟೀಚರ್, ನಾನು ಎಲ್ಲಾ ವಾರವೂ ನೋಡಿದ್ದೇನೆ. ನೀವು ಫ್ಲಾಸ್ಕ್ ನೋಡ್ತಾ ಇದ್ರಿ. ನೋಡದಿದ್ರೆ ಬೇಡ ಅಂತ ಅರ್ಥ, ಅಂತ ನೀವೇ ಅಲ್ವಾ ಹೇಳಿದ್ದು?"

"ನಮಗೆಲ್ಲಾ ಹಂಗೇ ಅನ್ನಿಸಿತ್ತು ಟೀಚರ್" ಎಂದಳು ಸೆಲ್ವಿ. "ನಿಮಗೆ ಯಾರ ಜೊತೆಯೂ ಇಷ್ಟ ಇಲ್ಲ, ನಮ್ಮ ಹೆಜ್ಜೆ ಸರಿಯಿಲ್ಲ, ಅಂತ." ಅವಳ ಕಣ್ಣಲ್ಲಿ ನೀರು ಬಂದಿತ್ತು. ಆ ಹುಡುಗಿಗೆ ಬಿಪಿಯ ಗುಟ್ಟು ಅವತ್ತು ತಿಳಿದಿರಬೇಕು, ಆಮೇಲೆ ಅವಳು ಅದನ್ನು ಎತ್ತಿಲ್ಲ.

ಭೋಜಣ್ಣ ಮತ್ತೆ ಎದ್ದು ಬಂದರು. ಈ ಸಲವೂ ಕೈಯನ್ನೇ ಚಾಚಿದರು, ನೆಲವನ್ನೇ ನೋಡಿದರು. ನಾನು ಬಾಯಿ ಬಿಗಿಹಿಡಿದು ಆ ಕೈ ಹಿಡಿದುಕೊಂಡೆ.

ಅಪ್ಪಿ ನಿಂತ ಮೇಲೆ ಒಂದು ವಿಷಯ ಹೊಳೆಯಿತು. ಹೊಳೆಯಲು ಇಷ್ಟು ದಿನ ಬೇಕಾಯಿತಲ್ಲ ಎಂದು ನಾಚಿಕೆಯಾಯಿತು. ಟ್ಯಾಂಗೊದಲ್ಲಿ ಒಮ್ಮೆ ತೋಳಿಗೆ ಬಂದಮೇಲೆ ಯಾರೂ ಯಾರ ಕಣ್ಣನ್ನೂ ನೋಡುವುದಿಲ್ಲ. ಅವರ ಮುಖ ನನ್ನ ಹೆಗಲಾಚೆ, ನನ್ನದು ಅವರ ಹೆಗಲಾಚೆ. ಭೋಜಣ್ಣನ ಗೌರವಕ್ಕೆ ಏನೂ ಊನವಾಗಲಿಲ್ಲ. ಅವರು ಧಾರಾಳವಾಗಿ ಗೋಡೆ ನೋಡಿದರು, ನಾನು ಕಿಟಕಿ ನೋಡಿದೆ. ಬೆನ್ನ ಮೇಲೆ ಅವರ ಕೈ ಬೆಚ್ಚಗೆ, ಸ್ವಲ್ಪ ಹೆದರಿಕೊಂಡೇ ಇತ್ತು.

"ತಪ್ಪಿದರೆ ಹೇಳಿ ಟೀಚರ್" ಎಂದರು ಕಿವಿಯ ಹತ್ತಿರ.

ತಪ್ಪಿದರು. ಎರಡು ಸಲ ನನ್ನ ಹೆಬ್ಬೆರಳು ತುಳಿದರು, ತಾಳಕ್ಕಿಂತ ಮುಂದೆ ಓಡಿದರು, ಎಡಕ್ಕೆ ಹೆಜ್ಜೆ ಇಡಬೇಕಾದಲ್ಲಿ ಬಲಕ್ಕೆ ಇಟ್ಟರು. ನಾನು ತಿದ್ದಲಿಲ್ಲ. ಆಮೇಲಿನ ಹಾಡುಗಳಿಗೆ ಜೋಯಿ ಚೇಟ್ಟನ್ ಬಂದರು, ಅದರ ನಂತರ ಸೆಲ್ವಿಯೇ ನನ್ನನ್ನು ಬಳಸಿ ನಡೆಸಿದಳು. ನಾಡಿ ಹಿಡಿಯುವ ಕೈ, ಚೆನ್ನಾಗಿ ಹಿಡಿಯುತ್ತದೆ.

ಬಸ್ಸಿನ ಹೊತ್ತಾಯಿತು. ಎಲ್ಲರೂ ಟೋಪಿ, ಮಫ್ಲರ್ ಬಿಗಿದುಕೊಂಡು ಇಳಿದುಹೋದರು. ಮಾದಮ್ಮನವರು ಮೆಟ್ಟಿಲ ಹತ್ತಿರ ನಿಂತು ನನ್ನ ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎಂದರು. ಅದು ಅವರಲ್ಲಿ ಹಿರಿಯರು ಕಿರಿಯರಿಗೆ ಮಾಡುವ ಹರಕೆ. ನನ್ನನ್ನು ಕಿರಿಯಳೆಂದು ಯಾರಾದರೂ ಅಂದು ಎಷ್ಟೋ ಕಾಲವಾಗಿತ್ತು.

ಈಗ ನನ್ನ ಒಂಟಿತನವೆಲ್ಲ ಹೋಯಿತು ಎಂದು ಬರೆದರೆ ನಿಮಗೆ ಸಮಾಧಾನವಾಗಬಹುದು. ಹೋಗಿಲ್ಲ. ಶನಿವಾರ ಬಿಟ್ಟರೆ ವಾರಕ್ಕೆ ಆರು ದಿನ ಬೇರೆ ಇವೆ. ಭಾನುವಾರ ಹಾಲಿನವನು ಬರುವ ತನಕ ಮನೆಯಲ್ಲಿ ಮಾತಿಲ್ಲ, ಅವನು ಹೋದ ಮೇಲೂ ಇಲ್ಲ. ಈಗಲೂ ನಮ್ಮವರು ನನ್ನನ್ನು ಕರೆಯುವಾಗ ನೆಲವನ್ನೇ ನೋಡುತ್ತಾರೆ, ನಾನು ಸುಮ್ಮನೆ ಎದ್ದು ಹೋಗುತ್ತೇನೆ.

ಆ ದಿನ ಉಟ್ಟಿದ್ದ ಸೀರೆಯನ್ನು ಮಾರನೆಯ ದಿನವೇ ಒಗೆದೆ. ಮೇಲೆ ತೊಟ್ಟಿದ್ದ ಸ್ವೆಟರನ್ನು ಮಾತ್ರ ಇನ್ನೂ ಒಗೆದಿಲ್ಲ. ಹೆಗಲ ಹತ್ತಿರ ಹಸಿ ಟೀ ಎಲೆಯದೂ ನೀಲಗಿರಿ ತೈಲದ್ದೂ ಸೇರಿದ ವಾಸನೆ ಸ್ವಲ್ಪ ಉಳಿದಿದೆ. ಯಾಕೆ ಒಗೆದಿಲ್ಲ ಎಂದು ಯಾರಾದರೂ ಕೇಳಿದರೆ, ಬಿಸಿಲು ಬರಲಿ ಎಂದು ಕಾಯುತ್ತಿದ್ದೇನೆ ಎನ್ನೋಣವೆಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೇನೆ. ಮನೆಯಲ್ಲಿ ಕೇಳುವವರು ಯಾರೂ ಇಲ್ಲ.